ಮಲ್ಲಾಜಮ್ಮನ ಪಾಸ್‌ವರ್ಡ್

ನರಸೀಪುರದ ಮೊಬೈಲ್ ಅಂಗಡಿಯಲ್ಲಿ ರೀಚಾರ್ಜಿಗೆಂದು ಸಾಲಿನಲ್ಲಿ ನಿಂತಿದ್ದ ನಿವೃತ್ತ ಮೇಷ್ಟ್ರು ದೇವಯ್ಯನವರಿಗೆ ತುಂಬ ಅವಸರವಿತ್ತು; ಮುಂದಿನವರ ಮಾತು ಕಿವಿಗೆ ಬಿದ್ದಮೇಲೆ ಅದು ಇಳಿದುಹೋಯಿತು. ಸೋಸಲೆಯ ಮಲ್ಲಾಜಮ್ಮ ವೈರ್ ಬ್ಯಾಗಿನಿಂದ ಎರಡು ಪೆಟ್ಟಿಗೆ ತೆಗೆದು ಕೌಂಟರಿನ ಮೇಲಿಟ್ಟಿದ್ದರು. ಒಂದು ಮನೆಯ ವೈರ್‌ಲೆಸ್ ಇಂಟರ್ನೆಟ್ಟಿನದು. ಇನ್ನೊಂದು, ಅದರ ಮೂಲಕ ಮನೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ಮಾತಾಡಲೆಂದು ಮಸ್ಕತ್ತಿನಿಂದ ಅಳಿಯ ಕಳಿಸಿದ್ದ ಅಡಾಪ್ಟರು.

“ಐದ್ ಗಂಟ್ಗೆ ಮಗ್ಳು ಫೋನ್ ಮಾಡ್ತಾಳೆ ಕಣಪ್ಪ. ಮೊಮ್ಮಗು ಮೊದ್ಲನೇ ಸಲ ಅಜ್ಜಿ ಅಂತದಂತೆ.”

“ಎರಡ್ನೂ ಸೇರಿಸ್ಕೊಡ್ತೀನಿ,” ಎಂದ ಅಂಗಡಿಯ ಜಗನ್. “ಮನೆ ಪಾಸ್‌ವರ್ಡ್ ಏನಮ್ಮ?”

“ನಮ್ಮನೆಯವ್ರು ಅವ್ರ ಎಸ್ರನ್ನೇ ಇಟ್ಟವ್ರೆ.”

“ಅದೇ, ಹೇಳಿ.”

“ಅಯ್ಯೋ, ಗಂಡನ್ ಎಸ್ರಾ! ಎಂಗಪ್ಪಾ ಏಳೋದು?”

“ಬರ್ದಾದ್ರೂ ಕೊಡಿ.”

“ಬರುದ್ರೂ ಏಳ್ದಂಗೇ ಅಲ್ವಾ?”

“ಫೋನ್ ಮಾಡಿ ಅವ್ರನ್ನೇ ಕೇಳಿ.”

“ಅವ್ರು ಗದ್ದೇಲವ್ರೆ, ಮೊಬೈಲು ಮನೇಲದೆ.”

“ಸೋಸಲೆ ಬೆಟ್ಟಸ್ವಾಮೀನಾ?” ಎಂದರು ಸಾಲಿನಿಂದ ಯಾರೋ.

“ಅವ್ನು ನಮ್ ಮೈದ. ಇವ್ರದ್ದೂ ಶಿವನ್ ಎಸ್ರೇ ಕಣಪ್ಪ.”

“ಶಿವನಿಗೆ ಸಾವಿರ ಹೆಸರಿದೆ ತಾಯಿ, ಐದು ಗಂಟೆಯೊಳಗೆ ಮುಗಿಯೋದಿಲ್ಲ,” ಎಂದು ದೇವಯ್ಯನವರು ತಡೆಯಲಾರದೆ ಹೇಳಿಬಿಟ್ಟರು.

ಜಗನ್ ಸೋತ. “ಹಳೇದು ಅಳಿಸಿ ಹೊಸಾದು ಹಾಕ್ತೀನಿ. ನೀವು ಬಾಯಿಬಿಟ್ಟು ಹೇಳೋವಂಥ ಒಂದ್ ಹೆಸ್ರು ಕೊಡಿ.”

“ನಂದೇ ಆಕಪ್ಪ, ಮಲ್ಲಾಜಮ್ಮ ಅಂತ. ಮರೆಯಂಗೇ ಇಲ್ಲ. ನೀರ್ ಬೇಕಾದ್ರೂ ಟವಲ್ ಬೇಕಾದ್ರೂ ನಮ್ಮನೆಯವ್ರು ದಿನಕ್ಕೆ ನೂರ್ ಸಲ ಅದ್ನೇ ಕೂಗ್ತಾರೆ.”

ಅಡಾಪ್ಟರಿನ ಹಸಿರು ದೀಪ ಹತ್ತಿತು. ಮಲ್ಲಾಜಮ್ಮ ಎರಡೂ ಪೆಟ್ಟಿಗೆಯನ್ನು ಬ್ಯಾಗಿಗೆ ತುಂಬಿಕೊಂಡು, ಸೋಸಲೆ ಬಸ್ಸಿಗೆ ಕೈ ತೋರಿಸುತ್ತ ಓಡಿದರು.