ಚಾರ್ಟಿನ ಕಪ್ಪೆ

ಅಧ್ಯಕ್ಷರೂ ನಮ್ಮ ಪ್ರಾಚಾರ್ಯರೂ ಆದ ತ್ರ್ಯಂಬಕ ಅವರೇ, ಅತಿಥಿಗಳೇ, ನಾಳೆ ಜೀವಶಾಸ್ತ್ರ ಕಲಿಸಲಿರುವ ಮಕ್ಕಳೇ, ಮಳೆ ಎನ್ನದೆ ಬಂದ ಸಭಿಕರೇ,

‘ಬಸವಪ್ರಭು ಸರ್ ದೊಡ್ಡ ಪರಿಸರಪ್ರೇಮಿ’ ಎಂದು ಈಗ ನಾಲ್ವರು ಹೊಗಳಿದರು. ನಿವೃತ್ತಿಯ ದಿನ ಯಾರು ಪರಿಸರಪ್ರೇಮಿ ಅಲ್ಲ ಹೇಳಿ! ಖರೇ ಸಂಗತಿ ಬೇರೆ ಇದೆ.

ಸಪ್ತಾಪುರದ ಈ ಬಿ.ಇಡಿ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಮಾಡುವುದನ್ನು ಕಲಿಸಿದೆ. ‘ಆಹಾರ ಸರಪಳಿ’ ಅಭ್ಯಾಸ ಪಾಠಕ್ಕೆ ನಮ್ಮಲ್ಲಿ ಒಂದೇ ಚಾರ್ಟು. ಹಳೆಯ ಬ್ಯಾಚಿನಿಂದ ಹೊಸ ಬ್ಯಾಚಿಗೆ ದಾಟುತ್ತ ಬಂದಿದೆ. ಅದರೊಳಗಿನ ಕಪ್ಪೆಗೆ ನನಗಿಂತ ಹೆಚ್ಚು ಸರ್ವಿಸ್ ಆಗಿದೆ, ನಿವೃತ್ತಿ ಮಾತ್ರ ಇಲ್ಲ.

ಕಳೆದ ತಿಂಗಳು ನಮ್ಮ ವಿದ್ಯಾರ್ಥಿನಿ ಶರೀಫಾಬಿ ಆ ಚಾರ್ಟು ಒಯ್ಯಲಿಲ್ಲ. ಎಂಟನೆಯ ತರಗತಿಯ ಮಕ್ಕಳನ್ನು ಶಾಲೆಯ ಹಿಂದಿನ ಹೊಂಡಕ್ಕೇ ಕರೆದೊಯ್ದಳು. ಹಿಂದೆ ನಾನು, ಹೊಸ ಬೂಟು, ಕೆಸರು. ಕೇಳಬೇಡಿ! ಸಿಟ್ಟಿನಲ್ಲಿ, ಅಭ್ಯಾಸ ಪಾಠಕ್ಕೆ ಅಂಕ ಹಾಕುವ ವೀಕ್ಷಣಾ ಪುಸ್ತಕದಲ್ಲಿ ಬರೆದೆ: ‘ಬೋಧನೋಪಕರಣ ಇಲ್ಲ. ಸೊನ್ನೆ.’

ಅವಳು ಅಂದಳು: ‘ಸರ್, ಚಾರ್ಟಿನ್ಯಾಗಿನ ಕಪ್ಪಿ ಎಂದಾರ ಹುಳಾ ತಿಂದೈತೇನ್ರಿ? ಇಲ್ಲಿ ನೋಡ್ರಿ, ತಿನ್ನಾಕತ್ತೈತಿ.’

ನಾನು ನೋಡಲಿಲ್ಲ. ಅಷ್ಟರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ದಂಡೆಯ ಗಿಡ ತೋರಿಸಿ, ‘ಸರ್, ಇದ್ಯಾವ ಗಿಡರೀ?’ ಎಂದಳು. ನನಗೆ ಗೊತ್ತಾಗಲಿಲ್ಲ. ‘ಸಿಲೆಬಸ್ಸಿನ್ಯಾಗ ಇಲ್ಲ, ನಡಿ’ ಎಂದುಬಿಟ್ಟೆ!

ಶರೀಫಾಬಿ ಮೆಲ್ಲಗೆ ಹೇಳಿದಳು, ‘ತಪಸಿ ಗಿಡ.’

ಉಪ್ಪಿನಬೆಟಗೇರಿಯ ನಮ್ಮ ಹೊಲದ ಬದುವಿನಲ್ಲಿ ಅದೇ ಗಿಡದ ಕೆಳಗೆ ನನ್ನವ್ವ ಸಂಗವ್ವ ಬುತ್ತಿ ಬಿಚ್ಚುತ್ತಿದ್ದಳು. ಅಕ್ಷರ ಬಾರದ ಅವ್ವ ನನಗೆ ನೂರು ಗಿಡಗಳ ಹೆಸರು ಕಲಿಸಿದಳು, ಒಂದು ಚಾರ್ಟೂ ಇಲ್ಲದೆ. ಅವಳ ಪಾಠಕ್ಕೆ ನಾನು ಎಷ್ಟು ಅಂಕ ಕೊಡುತ್ತಿದ್ದೆ? ಸೊನ್ನೆ! ನಾಚಿಕೆಯಾಯಿತು, ಸಭಿಕರೇ. ಆದರೂ ಒಂದು ತಿಂಗಳು ಸುಮ್ಮನಿದ್ದೆ. ಅದು ಇನ್ನೂ ದೊಡ್ಡ ನಾಚಿಕೆ.

ಆ ಸೊನ್ನೆ ಉಳಿದರೆ ಶರೀಫಾಬಿ ನಪಾಸು, ಒಂದು ವರ್ಷ ಹಾಳು. ಪುಸ್ತಕ ಇಲ್ಲೇ ನನ್ನ ಕೈಯಲ್ಲಿದೆ. ಇವತ್ತು ಸಂಜೆ ಐದೂವರೆಯ ತನಕ ನನ್ನ ಸಹಿಗೆ ಬೆಲೆಯೂ ಇದೆ. ಪ್ರಾಚಾರ್ಯರೇ, ನಿಮ್ಮ ಪೆನ್ನು ಕೊಡಿ.

ಆಯಿತು. ಹತ್ತಕ್ಕೆ ಒಂಬತ್ತು. ಕಳೆದ ಆ ಒಂದು ಅಂಕ ನನ್ನ ಬೂಟಿನದು.

ಶಾಲು ಹೊದಿಸಿದವರಿಗೆ, ಊಟಕ್ಕೆ ಕಾದಿದ್ದರೂ ಕೇಳಿದವರಿಗೆ ನಾನು ಋಣಿ. ಶರೀಫಾಬಿ, ಬಾಗಿಲ ಹತ್ತಿರ ಯಾಕ ನಿಂತಿಯವ್ವಾ? ಸಭೆ ಮುಗಿದ ಕೂಡಲೇ ನನ್ನನ್ನು ಹೊಂಡಕ್ಕೆ ಕರೆದುಕೊಂಡು ಹೋಗು. ಅವತ್ತು ನಾನು ಕಪ್ಪೆಯನ್ನು ನೋಡಲೇ ಇಲ್ಲ. ಈ ಸಲ ಬೂಟು ಬಿಟ್ಟು ಬರುತ್ತೇನೆ.

ಎಲ್ಲರಿಗೂ ನಮಸ್ಕಾರ.