ಶಾಮಿಯಾನದ ಹೊರಗಿನ ಬಿಸಿಲು

ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುವಿನ ಹೊರಗೆ, ನನ್ನ ಎದುರಿನ ಬೆಂಚಿನಲ್ಲಿ ಹೇಮಾಕ್ಷಿ ಎಂಬ ಹೆಂಗಸು ಕೂತಿದ್ದರು. ಒಳಗಿದ್ದದ್ದು ಅವರ ಗಂಡ ಬೋಜ. ಕುದ್ರೋಳಿಯಿಂದ ನೆರೆಮನೆಯ ಬೆನಿಟಾ ಗಂಜಿ ತಂದಿದ್ದಳು.

“ಬೋಜಣ್ಣ ಬಿದ್ದದ್ದು ಎಲ್ಲಿ, ಹೇಮಕ್ಕ?”

“ಚುನಾವಣೆ ಸಭೆಯಲ್ಲಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ಶಾಮಿಯಾನ ಹಾಕ್ತಾ ಇದ್ರು.”

“ನೀರಾದ್ರೂ ಕುಡೀಬೇಕಿತ್ತಲ್ಲ.”

“ನಾಯಕರು ಬರುವ ಮೊದಲು ಮುಗಿಸ್ಬೇಕು ಅಂತ ಅವಸರ. ಅವರು ಬಂದು ನೆರಳಲ್ಲಿ ನಿಂತು, ನಾವು ಗೆದ್ರೆ ಮಧ್ಯಾಹ್ನ ಬಿಸಿಲಿನ ಕೆಲಸ ನಿಲ್ಲಿಸ್ತೇವೆ ಅಂದ್ರಂತೆ. ಆವಾಗ ಇವರು ಸ್ಟೇಜಿನ ಹಿಂದೆ ಬಿದ್ದಿದ್ರು.”

“ಇನ್ನೊಂದು ಪಕ್ಷದವರು ಊರಿಡೀ ಮರ ನೆಡ್ತಾರಂತೆ.”

“ಅವರೂ ಇಲ್ಲಿಗೆ ಬಂದಿದ್ರು. ಮೊಬೈಲ್ ಮುಖಕ್ಕೆ ಹಿಡಿದು, ನನ್ನ ಗಂಡನಿಗೆ ಹೀಗಾದದ್ದು ಆ ಪಕ್ಷದಿಂದ ಅಂತ ಹೇಳಿ ಅಂದ್ರು.”

“ನೀವು ಎಂತ ಹೇಳಿದ್ರಿ?”

“ನಾಡಿದ್ದು ನಿಮ್ಮ ಸಭೆಗೂ ಇವರೇ ಶಾಮಿಯಾನ ಹಾಕ್ಬೇಕಿತ್ತಲ್ಲ, ಯಾವ ಹೊತ್ತಿಗೆ ಬರ್ಲಿಕ್ಕೆ ಹೇಳಿದ್ರಿ ಅಂತ ಕೇಳಿದೆ.”

“ಮತ್ತೆ?”

“ಮೊಬೈಲ್ ಕಿಸೆಗೆ ಹಾಕಿದ್ರು.”

ಬೆನಿಟಾ ಗಂಜಿಯ ಮುಚ್ಚಳ ತೆಗೆದಳು. ಹೇಮಾಕ್ಷಿ ಬೇಡವೆಂದು ತಲೆಯಾಡಿಸಿದರು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, “ಬೋಜ ಅವರ ಕಡೆಯವರು ಬನ್ನಿ” ಎಂದಳು.

“ನೀನು ಕೂತ್ಕೊ ಬೆನಿಟಾ. ಇಲ್ಲಿ ಒಬ್ಬರನ್ನೇ ಬಿಡುವುದು.”

“ಇಲ್ಲಮ್ಮ,” ಎಂದಳು ನರ್ಸ್, ಮೆಲ್ಲಗೆ. “ಈಗ ಇಬ್ಬರೂ ಬನ್ನಿ. ಬೇರೆ ಯಾರಾದ್ರೂ ಬರ್ಲಿಕ್ಕಿದ್ರೆ ಅವರಿಗೂ ಫೋನ್ ಮಾಡಿ.”

ಹೇಮಾಕ್ಷಿ ಎದ್ದರು. ಬೆನಿಟಾ ಅವರ ಸೊಂಟ ಬಳಸಿ ಹಿಡಿದು ಒಳಗೆ ಕರೆದುಕೊಂಡು ಹೋದಳು.