ಹಳದಿ ಹೆಬ್ಬೆರಳಿನ ಕೈಗವಸು

ದೀಪ ಆರಿಸಬೇಡಿ, ಹಾಗೇ ಇರಲಿ. ಯಾರ್ಕ್ ಪಟ್ಟಣದಲ್ಲಿ ದೆವ್ವ ತೋರಿಸುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಉದ್ದ ಟೋಪಿ, ಕರಿ ಕೋಟು ಹಾಕಿಕೊಂಡು ಸಂಜೆಯಾದರೆ ಬೀದಿ ತುದಿಯಲ್ಲಿ ನಿಂತು ಪ್ರವಾಸಿಗರನ್ನು ಹೆದರಿಸುತ್ತಾರೆ. ಇದು ಅಂಥ ಕತೆಯಲ್ಲ. ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯ ಮೊರೀನ್‌ಗೆ ಆದದ್ದು. ಅವಳ ಕೆಟಲ್ ಶಿಳ್ಳೆ ಹೊಡೆದರೆ ನನ್ನ ಅಡುಗೆಮನೆಗೆ ಕೇಳಿಸುತ್ತದೆ, ನಲವತ್ತು ವರ್ಷದಿಂದ. ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಹೋದ ನವೆಂಬರಿನಲ್ಲಿ ಮೊರೀನ್ ಎರಡು ದಿನಕ್ಕೆಂದು ಒಬ್ಬಳೇ ಯಾರ್ಕ್ ನೋಡಲು ಹೊರಟಳು. ಪ್ರತಿ ನವೆಂಬರಿನಲ್ಲೂ ಗಂಡ ಕ್ಲಿಫ್ ಜೊತೆ ಹೋಗುತ್ತಿದ್ದಳು. ಕ್ಲಿಫ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ನಾನೂ ಬರುತ್ತೇನೆಂದೆ. ಬೇಡವೆಂದಳು. ಅವನಿಗೆ ಒಂದು ಮಾತು ಹೇಳುವುದಿದೆ, ಗೋರಿಯ ಮುಂದೆ ನಿಂತರೆ ಬಾಯಿ ಕಟ್ಟುತ್ತದೆ, ಅವನು ಖುಷಿಯಾಗಿದ್ದ ಜಾಗದಲ್ಲಾದರೆ ಹೇಳಿಯೇನು ಎಂದಳು.

ಯಾವ ಮಾತೆಂದು ನನಗೆ ಗೊತ್ತಿತ್ತು. ಕೊನೆಯ ದಿನ ಆಸ್ಪತ್ರೆಯಲ್ಲಿ ಅವಳು ಒಂದು ಕಪ್ ಟೀಗೆಂದು ಕೆಳಗಿಳಿದಿದ್ದಳು. ಸಾಲಿನಲ್ಲಿ ಅವಳ ಹಿಂದೆ ನಿಂತವನ ಕೈಯಲ್ಲಿ ಇದ್ದದ್ದು ಒಂದೇ ಒಂದು ಬಾಳೆಹಣ್ಣು. ನಮ್ಮವರ ಜಾಯಮಾನ ನಿಮಗೆ ಗೊತ್ತಲ್ಲ. ನೀವು ಮುಂದೆ ಹೋಗಿ ಎಂದಳು. ಅವನ ಹಿಂದಿದ್ದವಳನ್ನೂ ಮುಂದೆ ಬಿಟ್ಟಳು. ಮೇಲೆ ಬಂದರೆ... ನರ್ಸು ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದಳು. ಟೀ ಇನ್ನೂ ಬಿಸಿಯಿತ್ತು.

ಕೈಗವಸಿನ ವಿಷಯವನ್ನೂ ಹೇಳಿಬಿಡಬೇಕು. ಕ್ಲಿಫ್‌ಗೆ ಅವಳೇ ಹೆಣೆದುಕೊಟ್ಟ ನೀಲಿ ಉಣ್ಣೆಯ ಜೋಡಿ ಅದು. ಹಿಂದಿನ ವರ್ಷ ಯಾರ್ಕಿನ ಕೋಟೆಗೋಡೆಯ ಮೇಲೆ ನಡೆಯುವಾಗ ಎಡಗೈಯದ್ದು ಎಲ್ಲೋ ಬಿದ್ದುಹೋಯಿತು. ಬಿದ್ದ ಕೈಗವಸು ಕಂಡರೆ ನಮ್ಮಲ್ಲಿ ಯಾರೂ ಒಯ್ಯುವುದಿಲ್ಲ, ಕಳಕೊಂಡವರು ಹುಡುಕಿಕೊಂಡು ಬಂದಾರೆಂದು ಹತ್ತಿರದ ಬೇಲಿಯ ಕಬ್ಬಿಣದ ಮೊನೆಗೆ ಸಿಕ್ಕಿಸಿಡುತ್ತೇವೆ. ಇಬ್ಬರೂ ಮೊನೆ ಮೊನೆ ನೋಡುತ್ತ ಅಲೆದರಂತೆ, ಸಿಗಲಿಲ್ಲ. ಆಮೇಲೆ ಚಳಿಗಾಲವಿಡೀ ಅವನು ಬಲಗೈಯದ್ದೊಂದನ್ನೇ ಹಾಕಿಕೊಂಡು ಓಡಾಡಿದ. ಆಸ್ಪತ್ರೆಯಲ್ಲಿ ಅದರ ಹೆಬ್ಬೆರಳೂ ಹರಿಯಿತು. ನೀಲಿ ನೂಲು ಇರಲಿಲ್ಲ, ನನ್ನ ಬುಟ್ಟಿಯಿಂದ ಹಳದಿ ಕೊಟ್ಟೆ. ಅವಳು ಹೊಲಿದು ಕೊಟ್ಟದ್ದನ್ನು ನೋಡಿ ಕ್ಲಿಫ್, "ಹಳದಿ ಸಾಸಿವೆ ಗೊಜ್ಜಿನ ಡಬ್ಬಿಗೆ ಬೆರಳು ಅದ್ದಿದ ಕಳ್ಳನ ಹಾಗಾದೆ ನಾನು" ಅಂದಿದ್ದ. ಅದನ್ನು ಅವನ ಕೈಗೆ ಹಾಕಿಯೇ ಮಣ್ಣು ಮಾಡಿದೆವು. ಪೆಟ್ಟಿಗೆ ಮುಚ್ಚುವಾಗ ನಾನೂ ಅಲ್ಲೇ ಇದ್ದೆ.

ಸರಿ. ಯಾರ್ಕಿನಲ್ಲಿ ಮೊದಲ ದಿನ ದೊಡ್ಡ ಚರ್ಚು ನೋಡಿದಳು, ಒಬ್ಬಳಿಗೇ ಒಂದು ಮೇಜು ಹಿಡಿದು ಬನ್ ತಿಂದಳು, ಅರ್ಧ ಬಿಟ್ಟಳು. ಎರಡನೆಯ ದಿನ ಬೂಥಮ್ ಎನ್ನುವ ಹಳೆಯ ಊರಬಾಗಿಲ ಹತ್ತಿರ ಕೋಟೆಗೋಡೆ ಹತ್ತಿದಳು. ಮಾಂಕ್ ಬಾಗಿಲ ತನಕ ನಡೆದರೆ ಹದಿನೈದು ನಿಮಿಷ. ಮೂರೂ ಮುಕ್ಕಾಲು ಆಗಿತ್ತು, ಕತ್ತಲು ಇಳಿಯುತ್ತಿತ್ತು. ಜಿನುಗು ಮಳೆ. ಕಲ್ಲಿನ ಮೇಲೆ ಅವಳ ಬೂಟು ಚರಕ್... ಚರಕ್... ಅನ್ನುತ್ತಿತ್ತು. ಕೆಳಗಿನ ತೋಟದಲ್ಲಿ ಎಲೆಯಿಂದ ಎಲೆಗೆ ಹನಿ ಬೀಳುವುದು ಕೇಳುತ್ತಿತ್ತು. ಹೇಳಬೇಕಾದ ಮಾತನ್ನು ಇನ್ನೂ ಹೇಳಿರಲಿಲ್ಲ.

ಎದುರಿನಿಂದ ಯಾರೋ ಬಂದರು.

ಗೋಡೆಯ ದಾರಿ ಕಿರಿದು, ಒಬ್ಬರು ಸರಿಯಬೇಕು. ಮೊರೀನ್ ಸರಿದಳು. ಎದುರಿನವರ ಮುಖ ದಿಟ್ಟಿಸಬಾರದೆಂದು ಚಿಕ್ಕಂದಿನಲ್ಲೇ ಕಲಿಸಿದ್ದಾರಲ್ಲ, ತಲೆ ತಗ್ಗಿಸಿ ಕಲ್ಲು ನೋಡಿದಳು. ತೋಳಿಗೆ ತೋಳು ತಾಗಿತು. ತಪ್ಪು ಯಾರದ್ದಾದರೂ "ಸಾರಿ" ಎನ್ನುವುದು ಅವಳ ಅಭ್ಯಾಸ. ಹಾಗೇ ಅಂದಳು.

"ಇರ್ಲಿ ಬಿಡು ಚಿನ್ನ," ಎಂದಿತು ಒಂದು ಗಂಡುದನಿ, ಮೆಲ್ಲಗೆ.

ನಮ್ಮ ಕಡೆ ಬಸ್ಸಿನವನೂ ಚಿನ್ನ ಅನ್ನುತ್ತಾನೆ, ತರಕಾರಿಯವನೂ ಅನ್ನುತ್ತಾನೆ. ಅವಳಿಗೇನೂ ಅನ್ನಿಸಲಿಲ್ಲ. ಆರೇಳು ಹೆಜ್ಜೆ ನಡೆದಳು. ಆಗ ಹಿಂದಿನಿಂದ ಕೇಳಿಸಿತು...

ಟಪ್. ಟಪ್. ಕಟಕ್.

ಟಪ್. ಟಪ್. ಕಟಕ್.

ಕ್ಲಿಫ್‌ನ ಬಲಮಂಡಿ. ಗಣಿಯಲ್ಲಿ ಪೆಟ್ಟಾದ ಮಂಡಿ, ಎರಡು ಹೆಜ್ಜೆಗೊಮ್ಮೆ ಕಟಕ್ ಅನ್ನುತ್ತಿತ್ತು. ಗೋಡೆಯಾಚೆ ಮಲಗಿದ ನನಗೂ ಗೊತ್ತಿದ್ದ ಸದ್ದು.

ತಿರುಗಿದಳು. ನೆಟ್ಟಗಿನ ದಾರಿ, ಒದ್ದೆ ಕಲ್ಲು. ಯಾರೂ ಇಲ್ಲ.

ಬಿದ್ದು ಎದ್ದು ಬೂಥಮ್ ಕಡೆಗೆ ಓಡಿದಳು. ಕತ್ತಲಾಗುತ್ತಲೇ ಗೋಡೆಯ ದಾರಿ ಮುಚ್ಚುತ್ತಾರೆ, ಅಲ್ಲಿನ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಮತ್ತೆ ಮಾಂಕ್ ಕಡೆಗೆ ಬಂದಳು. ಮೆಟ್ಟಿಲ ಕೆಳಗೆ ಕಾವಲಿನ ದಪ್ಪ ಮನುಷ್ಯ ಬೀಗದ ಕೈಗಳ ಗೊಂಚಲು ಝಣ್ ಝಣ್ ಅನ್ನಿಸುತ್ತ ಕಾಯುತ್ತಿದ್ದ. ಇಲ್ಲಿಂದ ಈಗ ಯಾರು ಹತ್ತಿದರೆಂದು ಕೇಳಿದಳು.

"ಯಾರೂ ಇಲ್ಲ ಚಿನ್ನ. ಅರ್ಧ ಗಂಟೆಯಿಂದ ಇಲ್ಲೇ ನಿಂತಿದ್ದೀನಿ." ಆಮೇಲೆ ಬೇಲಿ ಕಡೆ ಕೈ ತೋರಿಸಿದ. "ಅದು ನಿಮ್ದಾ? ಸ್ವಲ್ಪ ಹೊತ್ತಿನ ಮುಂಚೆ ಇರ್ಲಿಲ್ಲ."

ಕಬ್ಬಿಣದ ಮೊನೆಗೆ ಒಂದು ನೀಲಿ ಕೈಗವಸು ಸಿಕ್ಕಿಸಿತ್ತು. ಬಲಗೈಯದ್ದು. ಹೆಬ್ಬೆರಳು ಹಳದಿ.

ಮನೆಗೆ ಬಂದ ರಾತ್ರಿ ಅವಳು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ನಲವತ್ತು ವರ್ಷದಲ್ಲಿ ಅವಳು ಅತ್ತದ್ದು ನಾನು ನೋಡಿರಲಿಲ್ಲ, ಗಂಡನನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ.

"ಮುಖ ನೋಡ್ಲಿಲ್ಲ ಕಣೆ," ಪಿಸುಗುಟ್ಟಿದಳು. "ಅವತ್ತೂ ಯಾರಿಗೋ ದಾರಿ ಬಿಟ್ಟು ಅವ್ನನ್ನ ಕಳ್ಕೊಂಡೆ. ಇವತ್ತು ಅವ್ನಿಗೇ ದಾರಿ ಬಿಟ್ಟೆ."

"ಸಾರಿ ಅಂದ್ಯಲ್ಲ. ಇರ್ಲಿ ಬಿಡು ಅಂದ್ನಲ್ಲ," ಅಂದೆ.

"ಅವ್ನಿಗೆ ಅಂತ ಅನ್ಲಿಲ್ವಲ್ಲ..."

ಟೀ ಮಾಡಿದೆ. ಇಬ್ಬರೂ ಕುಡಿಯಲಿಲ್ಲ.

ಅಂದಿನಿಂದ ದಿನಾ ಕತ್ತಲಾಗುವ ಹೊತ್ತಿಗೆ ಅವಳು ಆ ಕೈಗವಸನ್ನು ತನ್ನ ಗೇಟಿನ ಮೊನೆಗೆ ಸಿಕ್ಕಿಸುತ್ತಾಳೆ. ಕಿಟಕಿಯ ಹತ್ತಿರ ಕೂರುತ್ತಾಳೆ. ಯಾರೇ ಹಾದುಹೋದರೂ ಈಗ ಮುಖ ನೋಡುತ್ತಾಳೆ, ದಿಟ್ಟಿಸಿ ನೋಡುತ್ತಾಳೆ. ಬೀದಿಯವರು ತಲೆ ಕೆಟ್ಟಿದೆ ಅನ್ನುತ್ತಾರೆ, ಅನ್ನಲಿ. ಆ ಹಳದಿ ನೂಲು ನನ್ನ ಬುಟ್ಟಿಯದು, ನನ್ನ ನೂಲು ನನಗೆ ಗೊತ್ತಾಗುವುದಿಲ್ಲವೇ?

ನಿನ್ನೆ ರಾತ್ರಿಯಿಡೀ ಮಳೆ ಹೊಡೆಯಿತು, ನೀವೂ ಕೇಳಿರಬೇಕು. ಬೆಳಗ್ಗೆ ಹಾಲಿನ ಬಾಟಲಿ ತರಲು ಹೋದವಳು ಅವಳ ಗೇಟಿನ ಮುಂದೆ ನಿಂತೆ. ಬೇಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಗವಸು ಮುಟ್ಟಿದೆ, ಒಣಗಿತ್ತು. ಒಳಗೆ ಬೆರಳು ತೂರಿಸಿದೆ.

ಬೆಚ್ಚಗಿತ್ತು.